ಅಕ್ಕ ಹೇಳಿದ ಹೈಸ್ಕೂಲಿನ ಕಥೆ

ನಮ್ಮ ಮನೆಗೆ ಹೊಸದಾಗಿ ಬಂದವರು ಕೂತ ಐದು ನಿಮಿಷಕ್ಕೇ "ಅದೇನ್ರೀ ಸದ್ದು?" ಎಂದು ಕೇಳುತ್ತಿದ್ದರು. ನಮಗೆ ಅದು ಕೇಳಿಸುತ್ತಲೇ ಇರಲಿಲ್ಲ. ಅಪ್ಪ ಶಿಕಾರಿಪುರದಲ್ಲಿ ಕೇಬಲ್ ಟಿವಿ ನಡೆಸುತ್ತಿದ್ದ. ಸುತ್ತಲಿನ ಬೀದಿಗಳ ಟಿವಿಗಳಿಗೆಲ್ಲ ಚಿತ್ರ ಹೋಗುತ್ತಿದ್ದದ್ದು ನಮ್ಮ ಮನೆಯಿಂದ. ತಾರಸಿಯ ಮೇಲೆ ದೊಡ್ಡ ಡಿಶ್‌ಗಳು ಬಾಯಿ ತೆರೆದುಕೊಂಡು ಆಕಾಶ ನೋಡುತ್ತಿದ್ದವು. ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ರಿಸೀವರ್ ಪೆಟ್ಟಿಗೆಗಳು ಒಂದರ ಮೇಲೊಂದು ಕೂತು, ಹಗಲೂ ರಾತ್ರಿ ಗುಂಯ್‌ಗುಡುತ್ತ, ಕೆಂಪು ಹಸಿರು ದೀಪ ಮಿಟುಕಿಸುತ್ತಿದ್ದವು. ಬೀದಿಯವರಿಗೆ ನಮ್ಮದು ಡಿಶ್ ಮನೆ, ನಮಗೆ ಆ ಕೋಣೆ ಮಿಷನ್ ರೂಮು. ಅಲ್ಲಿನ ಬಿಸಿ ಧೂಳಿನ ವಾಸನೆ ಸಾರಿನ ಒಗ್ಗರಣೆಯ ಜತೆ ಬೆರೆತು ಪಡಸಾಲೆಯವರೆಗೂ ಬರುತ್ತಿತ್ತು. ಮೋಡ ಕವಿದ ದಿನಗಳಲ್ಲಿ ಅವ್ವ ಒದ್ದೆ ಬಟ್ಟೆಯನ್ನು ಅಲ್ಲೇ ಒಣಹಾಕುತ್ತಿದ್ದಳು, ಅಪ್ಪ ಬೈಯುತ್ತಿದ್ದ, ಅವ್ವ ಮತ್ತೆ ಹಾಕುತ್ತಿದ್ದಳು. ನಾನು ಮಾತ್ರ ಒಬ್ಬಳೇ ಆ ಬಾಗಿಲ ಮುಂದೆ ಹೋಗಬೇಕಾದರೆ ಉಸಿರು ಬಿಗಿಹಿಡಿದು ಓಡುತ್ತಿದ್ದೆ. ಹುಟ್ಟಾ ಪುಕ್ಕಲಿ ನಾನು.

ಮಿಷನ್ ರೂಮಿನ ಗೋಡೆಗೆ ಅಂಟಿಕೊಂಡಂತೆ ಇನ್ನೊಂದು ಚಿಕ್ಕ ಕೋಣೆಯಿತ್ತು. ಅದಕ್ಕೆ ಮನೆಯೊಳಗಿಂದ ಬಾಗಿಲಿರಲಿಲ್ಲ, ಹಿತ್ತಲಿಗೆ ಇಳಿದು ಹೋಗಬೇಕು. ಸೌದೆ, ಹಳೆಯ ಕೇಬಲ್ ಸುರುಳಿ, ಮುರಿದ ಕುರ್ಚಿ ಎಲ್ಲ ಅಲ್ಲಿ ಬಿದ್ದಿರುತ್ತಿದ್ದವು. ನಡುಗೋಡೆಯ ಮೇಲ್ಗಡೆ ಗಾಳಿಗೆಂದು ಬಿಟ್ಟ ಸಣ್ಣ ಜಾಲರಿಯಿತ್ತು. ಅದರ ಮೂಲಕ ರಿಸೀವರ್‌ಗಳ ಬೆಳಕು ಆ ಕತ್ತಲ ಕೋಣೆಯ ಒಳಗೂ ಬಂದು ಬೀಳುತ್ತಿತ್ತು. ನನಗೆ ಒಂಬತ್ತು ವರ್ಷ ಆಗುವವರೆಗೆ ಅದು ಬರೀ ಸಾಮಾನಿನ ಕೋಣೆ. ಆಮೇಲೆ ಅಲ್ಲಿ ಅಕ್ಕ ಇರತೊಡಗಿದಳು.

ಅಕ್ಕ ಎಂದರೆ ಶೈಲಕ್ಕ, ನನಗಿಂತ ನಾಲ್ಕು ವರ್ಷ ದೊಡ್ಡವಳು. ನಮ್ಮಿಬ್ಬರ ಇಡೀ ದಿನ ಸಂಜೆಯ ಒಂದು ಕಾರ್ಟೂನಿಗಾಗಿ ಕಾಯುತ್ತಿತ್ತು. ಬೇರೆ ಗ್ರಹದ ಮಕ್ಕಳು ಭೂಮಿಗೆ ಬಂದು, ಮನುಷ್ಯರ ವೇಷ ಹಾಕಿಕೊಂಡು, ಒಂದು ಹೈಸ್ಕೂಲಿಗೆ ಸೇರುವ ಕಥೆ. ನೀಲಿ ಕೂದಲಿನ ಒಬ್ಬಳಿಗೆ ಕೂದಲಡಿ ಮೂರನೆಯ ಕಣ್ಣು, ಬೆಂಚಿನ ಮೇಲೆ ಲೋಳೆಯಂತೆ ಹರಡಿಕೊಳ್ಳುವ ಒಬ್ಬ ಕುಳ್ಳ, ಕತ್ತನ್ನು ಕಿಟಕಿಯಾಚೆವರೆಗೂ ಚಾಚುವ ಇನ್ನೊಬ್ಬ. ಪ್ರತಿ ಸಲವೂ ಕಥೆ ಮುಗಿಯುವ ಮೊದಲು ಅವರೆಲ್ಲ ಶಾಲೆಯ ಹಿಂದಿನ ಒಂದು ಕೋಣೆಗೆ ಹೋಗಿ ಗಾಜಿನ ಬಾಗಿಲು ಹಾಕಿಕೊಳ್ಳುತ್ತಿದ್ದರು. ಎಲ್ಲವೂ ಹಿಂದಿಯಲ್ಲಿ. ನನಗೆ ಹಿಂದಿ ಒಂದಕ್ಷರ ಬರುತ್ತಿರಲಿಲ್ಲ. ಅಕ್ಕ ಸ್ಕೂಲಿನಲ್ಲಿ ಹಿಂದಿ ಓದುತ್ತಿದ್ದಳು, ಆದ್ದರಿಂದ ಅವಳಿಗೆ ಎಲ್ಲ ಅರ್ಥವಾಗುತ್ತದೆ ಎಂದು ನಾನು ನಂಬಿದ್ದೆ. ಅವಳು ನನ್ನ ಕಿವಿಯ ಹತ್ತಿರ ಬಾಯಿಟ್ಟು ಕನ್ನಡದಲ್ಲಿ ಹೇಳುತ್ತಿದ್ದಳು, ನಾನು ಟಿವಿಯನ್ನು ನೋಡುತ್ತ ಅವಳನ್ನು ಕೇಳುತ್ತಿದ್ದೆ.

ಅಕ್ಕ ಎಂಟನೇ ಕ್ಲಾಸಿಗೆ, ಅಂದರೆ ಹೈಸ್ಕೂಲಿಗೆ, ಹೋದ ಮೇಲೆ ಕಥೆ ಬದಲಾಯಿತು. ಮೊದಲು ಆ ಮಕ್ಕಳ ಪೇಚಾಟ ಹೇಳಿ ನಗಿಸುತ್ತಿದ್ದವಳು ಈಗ ತಗ್ಗಿದ ದನಿಯಲ್ಲಿ ಹೇಳುತ್ತಿದ್ದಳು. ಆ ನೀಲಿ ಕೂದಲಿನವಳು ಮೊದಲು ಮನುಷ್ಯಳೇ ಆಗಿದ್ದಳಂತೆ. ಒಂದು ದಿನ ಕ್ಲಾಸಿನಲ್ಲಿ ಕೂತಿದ್ದಾಗ ಇದ್ದಕ್ಕಿದ್ದಂತೆ ಅವಳ ಮೈ ಬೇರೆಯಾಯಿತಂತೆ. ತಿಂಗಳಿಗೊಂದು ಸಲ ಗಾಜಿನ ಬಾಗಿಲಿನ ಕೋಣೆಯಲ್ಲಿ ಕೂರಲೇಬೇಕಂತೆ. ಆಗ ಅವಳನ್ನು ಯಾರೂ ಮುಟ್ಟಬಾರದು. ಮುಟ್ಟಿದವರೂ ಅವರಂತೆಯೇ ಆಗಿಬಿಡುತ್ತಾರೆ, ಮನೆಯವರು ಅವರನ್ನು ಒಳಗೆ ಸೇರಿಸುವುದಿಲ್ಲ. ನನಗೆ ಒಂದು ಅನುಮಾನ ಬಂತು. ಟಿವಿಯಲ್ಲಿ, ಗಾಜಿನಾಚೆ, ಅವರೆಲ್ಲ ಬಾಯಿ ಅಗಲಿಸಿ ಕುಣಿಯುತ್ತಿದ್ದರು.

"ನಗ್ತಿದಾರಲ್ಲೇ ಅಕ್ಕಾ?"

"ಅದು ನಗು ಅಲ್ಲ ಕಣೇ. ಅವ್ರು ಅಳೋದೇ ಹಂಗೆ."

ಅವತ್ತಿನಿಂದ ಆ ಕೋಣೆ ತೋರಿಸಿದಾಗಲೆಲ್ಲ ನಾನು ದಿಂಬು ಅಡ್ಡ ಹಿಡಿಯುತ್ತಿದ್ದೆ. ಹೈಸ್ಕೂಲು ಎಂದರೇನೇ ಕೈಕಾಲು ತಣ್ಣಗಾಗುತ್ತಿತ್ತು.

ಅಕ್ಕನ ಕಥೆ ಹೀಗೆ ಬದಲಾಗುವ ಸ್ವಲ್ಪ ಮುಂಚೆ ಮನೆಯಲ್ಲಿ ಒಂದು ಆರತಿ ನಡೆದಿತ್ತು. ಅಕ್ಕನಿಗೆ ಅವ್ವನ ರೇಷ್ಮೆ ಸೀರೆ ಸುತ್ತಿ, ಕೈತುಂಬ ಬಳೆ ತೊಡಿಸಿ, ಮಣೆಯ ಮೇಲೆ ಕೂರಿಸಿದ್ದರು. ಅಕ್ಕಪಕ್ಕದ ಹೆಂಗಸರು ಬಂದು ಕೊಬ್ಬರಿ ಬೆಲ್ಲ ತಿಂದು ಹೋದರು. ಎಲ್ಲರೂ "ಶೈಲ ದೊಡ್ಡೋಳಾದ್ಲು" ಎಂದರು. ಅವರು ಹೋದ ಮೇಲೆ ನಾನು ಅವಳನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಅಪ್ಪ ಗೀಚಿದ್ದ ಗುರುತಿಗೆ ಹೋಲಿಸಿ ನೋಡಿದೆ. ಮೊದಲಿದ್ದಷ್ಟೇ ಇದ್ದಳು. ಹಾಗಾದರೆ ದೊಡ್ಡದಾದದ್ದು ಏನು ಎಂದು ಕೇಳಿದರೆ ಯಾರೂ ಹೇಳಲಿಲ್ಲ. ಅಕ್ಕ ಬಳೆಗಳನ್ನು ಒಂದೊಂದೇ ತೆಗೆದಿಟ್ಟು ಮುಸುಕು ಹಾಕಿ ಮಲಗಿದಳು.

ಮುಂದಿನ ತಿಂಗಳು ಶಾಲೆಯಿಂದ ಬಂದು ನೋಡಿದರೆ ಅಕ್ಕ ಪಡಸಾಲೆಯಲ್ಲಿಲ್ಲ. ಹಿತ್ತಲ ಕೋಣೆಯ ಸೌದೆ ಒಂದು ಮೂಲೆಗೆ ಸರಿದಿತ್ತು. ಚಾಪೆ, ಕಂಬಳಿ, ಒಂದು ತಟ್ಟೆ, ಒಂದು ಲೋಟ. ಅವುಗಳ ನಡುವೆ ಅಕ್ಕ ಮೊಣಕಾಲಿಗೆ ಗದ್ದ ಊರಿ ಕೂತಿದ್ದಳು. ಜಾಲರಿಯಿಂದ ಬರುವ ಬೆಳಕು ಅವಳ ಕೆನ್ನೆಯನ್ನು ಒಮ್ಮೆ ಹಸಿರು, ಒಮ್ಮೆ ಕೆಂಪು ಮಾಡುತ್ತಿತ್ತು. ನಾನು ಓಡಿಹೋಗಿ ಅವಳ ಮೇಲೆ ಬೀಳುವುದರಲ್ಲಿದ್ದೆ, ಅಜ್ಜಿ ಹಿಂದಿನಿಂದ ರಟ್ಟೆ ಹಿಡಿದು ಎಳೆದಳು. ಅಜ್ಜಿ ಅಪ್ಪನ ತಾಯಿ, ಸೊರಬದ ಕಡೆಯ ಕುಬಟೂರಿನವಳು. ಶಿಕಾರಿಪುರಕ್ಕೆ ಬಂದು ಎಷ್ಟು ವರ್ಷವಾದರೂ ಅವಳ ಮಾತೂ ಮಡಿಯೂ ಕುಬಟೂರಿನದೇ.

"ಮುಟ್ಬ್ಯಾಡ! ಅವಳಿಗೆ ಕಾಗೆ ಮುಟ್ಟೈತೆ."

ಕಾಗೆ ಮುಟ್ಟಿದೆ ಎಂದರೆ ಏನೆಂದು ಓದುವವರಿಗೆ ಗೊತ್ತು, ನನಗೆ ಗೊತ್ತಿರಲಿಲ್ಲ. ನನಗೆ ಬುದ್ಧಿ ಬರುವ ಮೊದಲೇ ಅವ್ವನಿಗೆ ಗರ್ಭಕೋಶದ ಆಪರೇಶನ್ ಆಗಿತ್ತು. ಆದ್ದರಿಂದ ನಮ್ಮ ಮನೆಯಲ್ಲಿ ಹೆಂಗಸೊಬ್ಬಳು ಹೊರಗೆ ಕೂತದ್ದನ್ನು ನಾನು ಕಂಡಿರಲೇ ಇಲ್ಲ. ನನಗೆ ಕಂಡದ್ದು ಇಷ್ಟು: ಅಕ್ಕ ಹೈಸ್ಕೂಲಿಗೆ ಸೇರಿದ್ದಾಳೆ, ತಿಂಗಳಿಗೊಮ್ಮೆ ಬೇರೆ ಕೋಣೆಯಲ್ಲಿ ಕೂರುತ್ತಾಳೆ, ಮುಟ್ಟಬಾರದು. ಇನ್ನೇನು ಬೇಕು? ಕಾಗೆ ಮೇಲಿನಿಂದ ಬರುತ್ತದೆ, ನಮ್ಮ ತಾರಸಿಯ ಡಿಶ್ಶಿನ ಅಂಚಿನ ಮೇಲೇ ಕೂರುತ್ತದೆ. ಅಪ್ಪ ಆಕಾಶದಿಂದ ಇಳಿಸಿಕೊಳ್ಳುವುದು ಬರೀ ಚಿತ್ರಗಳನ್ನಲ್ಲ ಎಂದು ನನಗೆ ಖಾತ್ರಿಯಾಯಿತು. ಕಾಗೆ ಕೂಗಿದರೆ ಮಂಚದ ಕೆಳಗೆ ಹೋಗುತ್ತಿದ್ದೆ. ಅವ್ವ ಇದಕ್ಕೆಲ್ಲ ಹೊಟ್ಟೆಯ ಜಂತು ಕಾರಣ ಎಂದು ಕಹಿ ಔಷಧ ಕುಡಿಸಿದಳು.

ಅವ್ವನಿಗೂ ಅಜ್ಜಿಗೂ ಆ ಕೋಣೆಯ ವಿಷಯದಲ್ಲಿ ಜಗಳವಾಗುತ್ತಿತ್ತು. ಅವ್ವ ಎಂದೂ ಅಜ್ಜಿಗೆ ದನಿ ಏರಿಸಿ ಎದುರಾಡಿದವಳಲ್ಲ, ಪಾತ್ರೆ ಕುಕ್ಕುವುದರಲ್ಲೇ ಅವಳ ಸಿಟ್ಟು ತಿಳಿಯಬೇಕು.

"ಅತ್ತೆ, ಪಡಸಾಲಿ ಮೂಲ್ಯಾಗ ಮಲಗ್ಲಿ ಬಿಡ್ರಿ. ಹುಡುಗಿ ಅಂಜ್ತತಿ."

"ನಾನು ಅಂಜಿಲ್ಲೇನು? ನಮ್ಮೂರಾಗೆ ಹೊಲದ ಬದಿಗೆ ಗುಡಿಸ್ಲು ಇತ್ತು. ಇಲ್ಲಿ ಸಿಮೆಂಟಿನ ನೆಲ, ಕರೆಂಟು. ಏನ್ ಕಮ್ಮಿ ಆಗೈತೆ ಅವಳಿಗೆ?"

ಅಪ್ಪ ಇಂಥ ಹೊತ್ತಿನಲ್ಲಿ ಏಣಿ ಹೆಗಲಿಗೇರಿಸಿಕೊಂಡು ಯಾವುದೋ ಕಂಬದ ಕಡೆ ಹೊರಟುಬಿಡುತ್ತಿದ್ದ. ಆ ದಿನಗಳ ಸಂಜೆ ನಾನು ಒಬ್ಬಳೇ ಕಾರ್ಟೂನು ನೋಡಬೇಕಿತ್ತು. ಕಿವಿಯ ಹತ್ತಿರ ಹೇಳುವವರಿಲ್ಲ. ಗಾಜಿನ ಬಾಗಿಲು ಬಂದ ಕೂಡಲೇ ಟಿವಿ ಆರಿಸುತ್ತಿದ್ದೆ, ಆರಿಸಿದ ಮೇಲೂ ಗೋಡೆಯಾಚೆ ಅಂಥದೇ ಕೋಣೆ ಇದೆಯಲ್ಲ ಎಂದು ನೆನಪಾಗಿ ಮತ್ತೆ ಹಾಕುತ್ತಿದ್ದೆ. ನಾಲ್ಕನೆಯ ದಿನ ಅಕ್ಕ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದರೆ ನಾನು ಅವಳ ಹಾಸಿಗೆಯಿಂದ ನನ್ನ ದಿಂಬನ್ನು ದೂರ ಎಳೆದುಕೊಳ್ಳುತ್ತಿದ್ದೆ. ಅವಳು ನಿದ್ದೆ ಹೋದ ಮೇಲೆ ಹಣೆಯ ಕೂದಲು ಸರಿಸಿ ನೋಡಬೇಕು ಎಂದುಕೊಳ್ಳುತ್ತಿದ್ದೆ. ಧೈರ್ಯ ಬರಲಿಲ್ಲ. ಇವಳು ನನ್ನ ಅಕ್ಕನೇ ಹೌದೋ ಅಲ್ಲವೋ, ಅಲ್ಲದಿದ್ದರೆ ನನ್ನ ಅಕ್ಕ ಎಲ್ಲಿದ್ದಾಳೆ ಎಂಬ ಒಂದೇ ಯೋಚನೆ. ಯಾರಿಗೂ ಹೇಳುವ ಹಾಗಿರಲಿಲ್ಲ. ಹೇಳಿದರೆ ಅವಳನ್ನು ಮನೆಯಿಂದ ಕಳಿಸಿಬಿಡುತ್ತಾರೆ.

ಅಷ್ಟರಲ್ಲಿ ಭೂಮಿ ಹುಣ್ಣಿಮೆ ಬಂತು. ನಮ್ಮ ಕಡೆ ಆ ಹೊತ್ತಿಗೆ ಭತ್ತ ಹೊಡೆಯಾಗಿರುತ್ತದೆ, ತೆನೆ ಇನ್ನೂ ಪೈರಿನ ಒಳಗೇ ಇರುತ್ತದೆ, ಭೂಮಿ ಬಸುರಿ ಎನ್ನುತ್ತಾರೆ. ಬಸುರಿಗೆ ಬಯಕೆಯ ಊಟ ಬಡಿಸಬೇಕು. ರಾತ್ರಿಯೆಲ್ಲ ಅಡುಗೆ ಮಾಡಿ, ಬೆಳಗಾಗುವ ಮೊದಲು ಗದ್ದೆಗೆ ಒಯ್ದು, ಎಡೆ ಇಟ್ಟು, ತುತ್ತು ಗದ್ದೆಗೆಲ್ಲ ಎರಚಿ ಬರುತ್ತಾರೆ. ಅದಕ್ಕೆಂದೇ ಇರುವ ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಅಜ್ಜಿಯ ಪಾಲಿಗೆ ಕುಬಟೂರಿನಲ್ಲಿ ಒಂದು ತುಂಡು ಗದ್ದೆ ಉಳಿದಿತ್ತು. ಡಿಶ್ ಮನೆಯವರಾದರೂ ವರ್ಷಕ್ಕೊಮ್ಮೆ ನಾವು ಬುಟ್ಟಿ ಹೊತ್ತು ಅಲ್ಲಿಗೆ ಹೋಗಲೇಬೇಕು. ಚಿತ್ತಾರ ಬರೆಯುವುದರಲ್ಲಿ ಅಕ್ಕನದು ಅಜ್ಜಿ ಮೆಚ್ಚುವ ಕೈ. ಆ ವರ್ಷ ಅವಳು ಬುಟ್ಟಿಯ ಅರ್ಧ ಸುತ್ತು ಬರೆದಿದ್ದಳು, ತೆನೆ, ಏಣಿ, ಕೈಕೈ ಹಿಡಿದ ಮನುಷ್ಯರ ಸಾಲು. ಹಬ್ಬಕ್ಕೆ ಒಂದು ದಿನ ಇರುವಾಗ ಅವಳಿಗೆ ಕಾಗೆ ಮುಟ್ಟಿತು. ಅರ್ಧ ಬರೆದ ಬುಟ್ಟಿ ಪಡಸಾಲೆಯಲ್ಲಿ ಉಳಿಯಿತು, ಬರೆದವಳು ಹಿತ್ತಲಿಗೆ ಹೋದಳು. ಉಳಿದರ್ಧವನ್ನು ಅವ್ವ ಗಡಿಬಿಡಿಯಲ್ಲಿ ಗೆರೆ ಎಳೆದು ಮುಗಿಸಿದಳು.

"ಅಜ್ಜೀ, ಬಸುರಿ ಭೂಮಿನ ಮುಟ್ಬಹುದಾ?"

"ಅವಳು ತಾಯಿ ಅಲ್ಲೇನೇ? ಮುಟ್ದೆ ಉಣ್ಸದು ಹೆಂಗೆ?"

ನನಗೆ ಇನ್ನೂ ಕೇಳುವುದಿತ್ತು. ಆದರೆ ಬಾಯಿ ತೆರೆದರೆ ನೋಯುತ್ತಿತ್ತು. ನನಗೆ ಮಂಗನಬಾವು ಆಗಿತ್ತು. ಎರಡೂ ಕೆನ್ನೆ ಊದಿ ಕತ್ತು ಕಾಣದಂತಾಗಿತ್ತು. ಅಡುಗೆಮನೆಯ ಸ್ಟೀಲಿನ ಡಬ್ಬಿಯಲ್ಲಿ ನನ್ನ ಮುಖ ನೋಡಿಕೊಂಡು ನಾನು ಕಿರುಚಿದೆ. ನಾನು ಆಗಲೇ ಅವರಂತೆ ಆಗುತ್ತಿದ್ದೇನೆ, ಅಕ್ಕನ ಬಟ್ಟೆಗೋ ಲೋಟಕ್ಕೋ ಗೊತ್ತಿಲ್ಲದೆ ಕೈ ತಾಗಿಸಿದ್ದೇನೆ ಎಂದು ಅಳು ಬಂತು. ಜ್ವರದ ಹುಡುಗಿಯನ್ನು ಚಳಿಯಲ್ಲಿ ಗದ್ದೆಗೆ ಒಯ್ಯುವುದು ಬೇಡವೆಂದು ಅಪ್ಪ ಹೇಳಿದ. ಅವ್ವ ಮನೆಯಲ್ಲೇ ನಿಲ್ಲಲು ನೋಡಿದಳು, ಬಡಿಸುವವರು ಯಾರು ಎಂದು ಅಜ್ಜಿ ಒಪ್ಪಲಿಲ್ಲ. ಪಕ್ಕದ ಮನೆಯ ಗಿರಿಜಕ್ಕನಿಗೆ ನೋಡಿಕೊಳ್ಳಲು ಹೇಳಿ, ನಸುಕಿನಲ್ಲಿ ಬಾಡಿಗೆ ಟೆಂಪೋ ಹತ್ತಿ ಮೂವರೂ ಕುಬಟೂರಿಗೆ ಹೋದರು. ಹೋಗುವಾಗ ಅಜ್ಜಿ ಬಾಗಿಲಲ್ಲಿ ತಿರುಗಿ ನಿಂತು ಮತ್ತೊಮ್ಮೆ ಹೇಳಿದಳು, "ನೀರು ಬೇಕಂದ್ರೆ ಎತ್ತರದಿಂದ ಹುಯ್ಯಿ. ಹೊಸ್ತಿಲು ದಾಟ್ಬ್ಯಾಡ."

ಬಿಸಿಲು ಏರುವವರೆಗೆ ನಾನು ಪಡಸಾಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದೆ. ಇದ್ದಕ್ಕಿದ್ದಂತೆ ಕರೆಂಟು ಹೋಯಿತು. ಮಿಷನ್ ರೂಮಿನ ಬ್ಯಾಟರಿ ಸ್ವಲ್ಪ ಹೊತ್ತು ಕುಂಯ್‌ಗುಟ್ಟಿ ಅದೂ ಸುಮ್ಮನಾಯಿತು. ಹುಟ್ಟಿದಾಗಿನಿಂದ ಕೇಳಿಸದೇ ಇದ್ದ ಸದ್ದು ನಿಂತಾಗ ನನಗೆ ಮೊದಲ ಸಲ ಕೇಳಿಸಿತು. ಮನೆಯೊಳಗೆ ಏನೋ ಸತ್ತಂತೆ ಆಯಿತು. ಆ ನಿಶ್ಶಬ್ದದಲ್ಲಿ ಹಿತ್ತಲ ಕಡೆಯಿಂದ ನರಳುವ ದನಿ ಬಂತು. ಎಷ್ಟು ಹೊತ್ತಿನಿಂದ ನರಳುತ್ತಿದ್ದಳೋ, ಆ ಗುಂಯ್ ಸದ್ದಿನಲ್ಲಿ ಯಾರಿಗೆ ಕೇಳಿಸಬೇಕು? ನಾನು ಚೊಂಬಿನಲ್ಲಿ ನೀರು ತೆಗೆದುಕೊಂಡು, ಗೋಡೆ ಹಿಡಿದುಕೊಂಡು ಹೋದೆ. ಅಕ್ಕ ಚಾಪೆಯ ಮೇಲೆ ಮುದುಡಿ ಬಿದ್ದಿದ್ದಳು. ವಾಂತಿ ಮಾಡಿಕೊಂಡಿದ್ದಳು. ಲೋಟ ಉರುಳಿತ್ತು. ಮುಖ ಅರಿಶಿನ ಹಚ್ಚಿದಷ್ಟು ಹಳದಿ.

"ಪುಟ್ಟೀ... ನೀರು."

ಎತ್ತರದಿಂದ ಹುಯ್ದೆ. ಅವಳ ಬೊಗಸೆ ನಡುಗಿ ನೀರೆಲ್ಲ ನೆಲದ ಪಾಲಾಯಿತು. ಚೊಂಬು ಅಲ್ಲೇ ಇಟ್ಟು ಗಿರಿಜಕ್ಕನ ಮನೆಗೆ ಓಡಿದೆ, ಬೀಗ. ಅವರೂ ಯಾವುದೋ ಗದ್ದೆಗೆ ಹೋಗಿದ್ದರು. ಬೀದಿಯಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ತಿರುಗಿ ಬಂದು ನೋಡಿದರೆ ಅಕ್ಕ ಹೊಸ್ತಿಲವರೆಗೆ ತೆವಳಿಕೊಂಡು ಬಂದು, ಕೈ ಆಚೆ ಚಾಚಿ, ಹಾಗೇ ಎಚ್ಚರ ತಪ್ಪಿದ್ದಳು. ಡಿಶ್ಶಿನ ಮೇಲೆ ಕಾಗೆ ಕೂಗಿತು. ನಾನು ಅಲ್ಲೇ ಉಚ್ಚೆ ಹೊಯ್ದುಕೊಂಡೆ, ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ.

ನನ್ನ ಭಯ ಆಗ ಹೋಗಲಿಲ್ಲ. ಇವಳು ಅಕ್ಕನೇ ಎಂದು ನನಗೆ ಯಾವ ಗುರುತೂ ಸಿಗಲಿಲ್ಲ. ಮುಟ್ಟಿದರೆ ನಾನು ಅವರಂತೆ ಆಗುತ್ತೇನೆ, ಅವ್ವ ನನ್ನನ್ನು ಒಳಗೆ ಕರೆಯುವುದಿಲ್ಲ ಎಂದು ಪೂರ್ತಿ ನಂಬಿಕೊಂಡೇ ನಿಂತಿದ್ದೆ. ಆದರೆ ಅಲ್ಲಿ ನಿಂತು ನೋಡುತ್ತ ಇನ್ನೊಂದು ಯೋಚನೆ ಬಂತು. ಅವರಂತೆ ಆದರೆ ಆಗಲಿ. ನಾನೂ ಆದರೆ ಆ ಕೋಣೆಯಲ್ಲಿ ಇಬ್ಬರಿರುತ್ತೇವೆ, ಒಂದೇ ಹೈಸ್ಕೂಲಿಗೆ ಹೋಗುತ್ತೇವೆ, ಅಕ್ಕ ಒಬ್ಬಳೇ ಇರುವುದಿಲ್ಲ. ಕಣ್ಣು ಮುಚ್ಚಿ, ಹೊಸ್ತಿಲು ದಾಟಿ, ಅವಳ ಕೈ ಹಿಡಿದೆ. ಹಿಮದಷ್ಟು ತಣ್ಣಗಿತ್ತು. ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಮುಖಕ್ಕೆ ನೀರು ತಟ್ಟಿ, ಗುಟುಕು ಗುಟುಕಾಗಿ ಕುಡಿಸಿದೆ. ಅವಳು ಕಣ್ಣು ಬಿಟ್ಟವಳು ಮೊದಲು ನನ್ನನ್ನು ದೂಡಿದಳು.

"ಮುಟ್ಬಿಟ್ಯಲ್ಲೇ! ಅಜ್ಜಿ ಕೊಲ್ತಾಳೆ."

"ಆಗ್ಲಿ ಬಿಡು. ನಾನೂ ಆದೆ."

ಏನಾದೆ ಎಂದು ಅವಳು ಕೇಳಲಿಲ್ಲ. ನನ್ನ ಊದಿದ ಕೆನ್ನೆಗೆ ಕೆನ್ನೆ ಒತ್ತಿ, ಒಂದೇ ಕಂಬಳಿಯಲ್ಲಿ ಮಲಗಿಸಿಕೊಂಡಳು. ನಾನು ನನ್ನ ಮೈ ಬೇರೆಯಾಗುವುದನ್ನು ಕಾಯುತ್ತ ನಿದ್ದೆಹೋದೆ.

ಅಜ್ಜಿಯ ಕೂಗಿಗೆ ಎಚ್ಚರವಾಯಿತು. ಹಿತ್ತಲಲ್ಲಿ ಮೂವರೂ ನಿಂತಿದ್ದರು, ಅವ್ವನ ಕಂಕುಳಲ್ಲಿ ಖಾಲಿ ಬುಟ್ಟಿ. ಹಬ್ಬದ ದಿನ ಮನೆಯೆಲ್ಲ ಮೈಲಿಗೆಯಾಯಿತು, ಇವಳನ್ನು ಈಗಲೇ ತಣ್ಣೀರಿನಲ್ಲಿ ಮೀಯಿಸು ಎಂದು ಅಜ್ಜಿ ಹಾರಾಡುತ್ತಿದ್ದಳು. ನಾನು ಅಕ್ಕನ ಕೈ ಬಿಡಲಿಲ್ಲ. ಅಕ್ಕನ ಮುಖವನ್ನೂ ಚಾಪೆಯನ್ನೂ ನೋಡಿದ ಅವ್ವ ಬುಟ್ಟಿಯನ್ನು ಕೆಳಗಿಟ್ಟಳು. ಸೀರೆ ಎತ್ತಿ ಕಟ್ಟಿ, ಹೊಸ್ತಿಲು ದಾಟಿ ಬಂದು ನಮ್ಮಿಬ್ಬರ ನಡುವೆ ಕೂತುಬಿಟ್ಟಳು.

"ಅತ್ತೆ, ನೀರು ಹುಯ್ಯೋದಾದ್ರ ಮೂವರಿಗೂ ಹುಯ್ರಿ. ಭೂಮಿ ಬಸುರಿ ಅಂತ ಅಷ್ಟು ದೂರ ಹೋಗಿ ಉಣಿಸಿ ಬಂದ್ವಿ. ನನ್ನ ಮಗಳು ಇಲ್ಲಿ ಗುಟುಕು ನೀರಿಲ್ದ ಬಿದ್ದಾಳ."

ಅಪ್ಪ ಏಣಿ ಹುಡುಕದೆ ನೇರವಾಗಿ ಆಟೋ ಕರೆಯಲು ಹೋದ. ಡಾಕ್ಟರು ಅಕ್ಕನ ಮೈಯಲ್ಲಿ ರಕ್ತ ಕಡಿಮೆಯಿದೆ ಎಂದು ಔಷಧ ಬರೆದುಕೊಟ್ಟರು. ಅಜ್ಜಿ ಬದಲಾದಳು ಎಂದು ಬರೆದರೆ ಸುಳ್ಳಾಗುತ್ತದೆ. ಮುಂದಿನ ತಿಂಗಳೂ ಅಕ್ಕ ಹೊರಗೇ ಕೂತಳು. ಆದರೆ ಪಡಸಾಲೆಯ ಮೂಲೆಯಲ್ಲಿ, ಪರದೆಯ ಹಿಂದೆ. ನಾನು ಪರದೆಯ ಅಡಿಯಲ್ಲಿ ಕಾಲು ತೂರಿಸಿ ಅವಳ ಕಾಲಿಗೆ ತಾಗಿಸಿ ಕೂರುತ್ತಿದ್ದೆ, ಅಜ್ಜಿ ಕಂಡೂ ಕಾಣದಂತೆ ಎಲೆಯಡಿಕೆ ಜಗಿಯುತ್ತಿದ್ದಳು. ನನ್ನ ಕೆನ್ನೆಯ ಬಾವು ಇಳಿಯಿತು. ಆದರೂ ಎಷ್ಟೋ ದಿನ ಕೂದಲು ಸರಿಸಿ ಹಣೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಭಯ ನನ್ನನ್ನು ಬಿಟ್ಟುಹೋಗಲಿಲ್ಲ, ಇಂದಿಗೂ ಬಿಟ್ಟಿಲ್ಲ. ಆಸ್ಪತ್ರೆಯ ಬಾಗಿಲು, ಪೊಲೀಸ್ ಸ್ಟೇಷನ್, ಹೊಸ ಕೆಲಸದ ಮೊದಲ ದಿನ, ಎಲ್ಲ ಕಡೆಯೂ ನಾನು ಅದೇ ಪುಕ್ಕಲಿ. ಭಯಪಟ್ಟುಕೊಂಡೇ ಹೊಸ್ತಿಲು ದಾಟುವುದು ಮಾತ್ರ ಆವತ್ತು ಬಂದ ಅಭ್ಯಾಸ.

ಈಗ ಡಿಶ್ಶುಗಳಿಲ್ಲ, ಆ ಮನೆಯನ್ನು ಮಾರಿದ್ದಾಗಿದೆ. ಅಕ್ಕ ಮದುವೆಯಾಗಿ ಸೊರಬದಲ್ಲಿದ್ದಾಳೆ. ಹೋದ ಬೇಸಿಗೆಯಲ್ಲಿ ಅವಳ ಮನೆಗೆ ಹೋಗಿದ್ದೆ. ಹೈಸ್ಕೂಲಿಗೆ ಹೋಗುವ ಅವಳ ಮಗಳು ಸ್ಫೂರ್ತಿ, ಹೊಟ್ಟೆನೋವೆಂದು ಬಿಸಿನೀರಿನ ಚೀಲ ಅಪ್ಪಿಕೊಂಡು, ಸೋಫಾದಲ್ಲಿ ನಮ್ಮಿಬ್ಬರ ನಡುವೆಯೇ ಕಾಲು ಚಾಚಿ ಮೊಬೈಲಿನಲ್ಲಿ ಏನೋ ನೋಡಿ ನಗುತ್ತಿದ್ದಳು. ಇಣುಕಿದೆ. ನೀಲಿ ಕೂದಲು. ಅದೇ ಕಾರ್ಟೂನು. ಅವಳ ಕೈಯಿಂದ ಮೊಬೈಲು ಕಸಿದುಕೊಂಡು ಕೂತೆ. ಈಗ ನನಗೆ ಹಿಂದಿ ಚೆನ್ನಾಗಿ ಬರುತ್ತದೆ. ಮೈ ಬೇರೆಯಾದವರು ಯಾರೂ ಅದರಲ್ಲಿಲ್ಲ. ತಿಂಗಳ ಲೆಕ್ಕವಿಲ್ಲ, ಮುಟ್ಟಬಾರದು ಎಂಬ ಮಾತಿಲ್ಲ. ಅದೊಂದು ಶುದ್ಧ ತಮಾಷೆಯ ಕಾರ್ಟೂನು. ಆ ಗಾಜಿನ ಬಾಗಿಲಿನ ಕೋಣೆಗೆ ಅವರು ಹೋಗುತ್ತಿದ್ದದ್ದು ತಮ್ಮ ಗ್ರಹದ ನಾರುವ ಊಟದ ಡಬ್ಬಿ ಬಿಚ್ಚಿ, ಒಬ್ಬರ ಮೇಲೊಬ್ಬರು ಬಿದ್ದು, ಕಿತ್ತಾಡಿಕೊಂಡು ತಿನ್ನಲಿಕ್ಕೆ. ಅವರು ನಗುತ್ತಿದ್ದರು.

ಅಕ್ಕ ಬೀನ್ಸ್ ಸೋಸುತ್ತಿದ್ದಳು.

"ಇದ್ರಲ್ಲಿ ನೀನು ಹೇಳಿದ್ದು ಒಂದೂ ಇಲ್ವಲ್ಲೇ ಅಕ್ಕಾ. ಎಲ್ಲಾ ಕಟ್ಟಿ ಹೇಳಿದ್ಯ?"

ಅವಳು ತಲೆ ಎತ್ತಲಿಲ್ಲ.

"ನಂಗೆಲ್ಲಿ ಬರ್ತಿತ್ತೇ ಹಿಂದಿ? ಕ್ಲಾಸಲ್ಲಿ ಕೂತಿದ್ದಾಗ ಆಯ್ತು. ಏನಂತ ಗೊತ್ತಿಲ್ಲ, ಸಾಯ್ತೀನಿ ಅಂದ್ಕೊಂಡೆ. ಅವ್ವಂಗೆ ಹೇಳಿದ್ರೆ ಬಾಯಿ ಮುಚ್ಕೋ ಅಂದ್ಲು. ಅಜ್ಜಿ ಕೋಣೆಗೆ ಹಾಕಿದ್ಲು. ಇನ್ಯಾರಿಗೆ ಹೇಳ್ಬೇಕಿತ್ತು ನಾನು? ನಿಂಗೆ ಹೇಳಿದ್ರೆ ನೀನು ಕಥೆ ಅಂತ ಆದ್ರೂ ಕೇಳ್ತಿದ್ದೆ."

ಮೊಬೈಲನ್ನು ಅವಳ ಮುಂದೆ ಹಿಡಿದೆ. ಬೀನ್ಸಿನ ಮೊರ ಪಕ್ಕಕ್ಕಿಟ್ಟು ಅವಳು ನೋಡಿದಳು. ಕತ್ತು ಉದ್ದದವನು ಕುಳ್ಳನ ಡಬ್ಬಿಗೆ ಬಾಯಿ ಹಾಕಿದ, ಕುಳ್ಳ ಅವನ ಮೂಗಿಗೆ ಅಂಟಿಕೊಂಡ. ಅಕ್ಕನ ಭುಜ ಅಲುಗತೊಡಗಿತು, ಆಮೇಲೆ ಇಡೀ ಮೈ, ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡರೂ ನಿಲ್ಲಲಿಲ್ಲ. ಸ್ಫೂರ್ತಿ ಗಾಬರಿಯಾಗಿ ಎದ್ದು ಕೂತಳು.

"ಚಿಕ್ಕಮ್ಮಾ, ಅಮ್ಮ ಯಾಕೆ ಅಳ್ತಿದಾಳೆ?"

ನಾನು ಅಕ್ಕನ ಕೈ ಹಿಡಿದುಕೊಂಡೆ.

"ಅಳು ಅಲ್ಲ ಕಣೇ," ಎಂದೆ. "ನಿಮ್ಮಮ್ಮ ನಗೋದೇ ಹಂಗೆ."